ಕುಂತು ಬಾರಿಸಿದ ನನ್ನ ಭಾವ

ಭಾವ ಕಣ್ಣು ಮುಚ್ಚಿ ಇನ್ನೂ ತಿಂಗಳು ತುಂಬಿಲ್ಲ, ಊರ ಬಾಯಿ ಆಗಲೇ ಶುರುವಾಗಿದೆ. ಮೊನ್ನೆ ನ್ಯಾಮತಿ ಸಂತೆಯಲ್ಲಿ ಈರುಳ್ಳಿ ಆರಿಸುತ್ತಾ ಕೂತಿದ್ದೆ. ಹಿಂದೆ ನಿಂತಿದ್ದ ಇಬ್ಬರು ಅವನ ಮಾತನ್ನೇ ಆಡುತ್ತಿದ್ದರು. "ಬೊಂಬಾಯಿಂದ ಬಂದು ಏನು ಹಾರಾಡಿದ್ದ ಮಾರಾಯ, ಕುಂತೇ ಹಲಗೆ ಬಾರಿಸ್ತೀನಿ ಅಂತ! ಕಡೀಕೆ ಗೌಡ್ರ ಮನೆ ಮದುವ್ಯಾಗೆ ನಿಂತೇ ಬಾರಿಸಿದ" ಎಂದು ಒಬ್ಬ ಹಲ್ಲು ಕಿರಿದ. "ಇನ್ನೇನು ಮಾಡ್ತಾನೆ, ನಿಲ್ಲಲೇಬೇಕಲ್ಲ" ಎಂದ ಇನ್ನೊಬ್ಬ. ನನಗೆ ಮೈ ಉರಿದುಹೋಯಿತು. ಆರಿಸಿದ ಈರುಳ್ಳಿ ಅಲ್ಲೇ ಬಿಟ್ಟು ಎದ್ದು ಬಂದೆ. ಆ ಮದುವೆಯಲ್ಲಿ ನಾನಿದ್ದೆ. ಬೊಂಬಾಯಿಯಲ್ಲೂ ನಾನಿದ್ದೆ. ಎರಡನ್ನೂ ಕಂಡವಳು ಬಾಯಿ ಮುಚ್ಚಿಕೊಂಡು ಕೂತರೆ ಸಂತೆಯ ಮಾತೇ ನಿಜವಾಗಿ ಉಳಿದುಬಿಡುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಬರೆಯುವುದಿಲ್ಲ. "ಬರೀ, ಬ್ಯಾಡ ಅನ್ನಲ್ಲ, ಆದ್ರೆ ಅವ್ನ ಹೆಸರು ಕಾಗದದ ಮ್ಯಾಲೆ ಬ್ಯಾಡ" ಎಂದು ಅಕ್ಕ ಹೇಳಿದ್ದಾಳೆ. ಅದೇನೂ ದೊಡ್ಡ ನಷ್ಟವಲ್ಲ. ಬದುಕಿದ್ದಾಗಲೂ ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ, "ಏ ಹಲಗೆಯವನೇ" ಎಂದು ಕರೆದವರೇ ಹೆಚ್ಚು.

ಉದ್ದನೆಯ ಆಳು, ಒಣಕಲು ಮೈ, ಸುಮ್ಮನಿರಲು ಬಾರದ ಕೈ. ಊಟಕ್ಕೆ ಕೂತರೆ ತಟ್ಟೆಯ ಅಂಚಿನ ಮೇಲೆ ಬೆರಳು ಆಡುತ್ತಿತ್ತು. ಮಗುವನ್ನು ಮಲಗಿಸು ಎಂದರೆ ಅದರ ಬೆನ್ನ ಮೇಲೆ ತಾಳ ಹಾಕಿ ಹಾಕಿ ಎಬ್ಬಿಸಿಬಿಡುತ್ತಿದ್ದ. ಸಂತೆಯಲ್ಲಿ ಗಡಿಗೆ ತರಲು ಕಳಿಸಿದರೆ ಒಂದೊಂದನ್ನೂ ಬಡಿದು, ಕಿವಿಯಿಟ್ಟು ಕೇಳಿ, ಕುಂಬಾರನಿಂದ ಬೈಸಿಕೊಂಡು, ಅಂತೂ ನಾದ ಚೆನ್ನಾಗಿರುವುದನ್ನೇ ತರುತ್ತಿದ್ದ. ಅದು ಅಂಗೈಯಷ್ಟಿರುತ್ತಿತ್ತು. "ಇದ್ರಾಗೆ ನೀರು ತುಂಬೋದಾ, ತಾಳ ಹಾಕೋದಾ?" ಎಂದು ಅಕ್ಕ ಕೂಗಾಡುತ್ತಿದ್ದಳು. "ಎರಡೂ ಮಾಡು, ಬ್ಯಾಡ ಅಂದೋರ್ಯಾರು" ಎನ್ನುತ್ತಿದ್ದ. ನನ್ನನ್ನು ಅವನು ಕರೆಯುತ್ತಿದ್ದದ್ದು ದೊರೆಸಾನಿ ಎಂದು. ನನಗೆ ಮೂಗಿನ ತುದಿಯಲ್ಲೇ ಸಿಟ್ಟಂತೆ, ಅದಕ್ಕೆ.

ನಮ್ಮದು ನ್ಯಾಮತಿಗೂ ಹೊನ್ನಾಳಿಗೂ ನಡುವಿನ ಒಂದು ಹಳ್ಳಿಯ ಹೊರಗಿನ ಕೇರಿ. ಚರ್ಮ ಬಿಗಿದ ಹಲಗೆ ಬಾರಿಸುವುದು ಭಾವನ ಮನೆಗೆ ತಲತಲಾಂತರದಿಂದ ಬಂದ ಕೆಲಸ. ಮದುವೆಯಿರಲಿ, ದೇವರಿರಲಿ, ಸಾವಿರಲಿ, ಹಲಗೆ ಮುಂದೆ ಇರಬೇಕು. ಮುಂದೆ ಎಂದರೆ ಬೀದಿಯಲ್ಲಿ. ಚಪ್ಪರದೊಳಗೆ ಓಲಗದವರು ಜಮಖಾನದ ಮೇಲೆ ಕೂತು ಊದುತ್ತಾರೆ, ಹಲಗೆಯವನು ಚಪ್ಪರದ ಆಚೆ ಬಿಸಿಲಲ್ಲಿ ನಿಂತು ಬಡಿಯಬೇಕು. ಬೆಳಗಿನಿಂದ ಬೈಗಿನವರೆಗೆ ಮದುವೆ ನಡೆದರೂ ಅವನು ಕೂರುವಂತಿಲ್ಲ. ಕೂತರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ಕೂತು ನೋಡಿಲ್ಲ. ಭಾವನ ಅಪ್ಪ ಹಾಗೆ ನಿಂತು ನಿಂತೇ ಕಾಲು ಊದಿಸಿಕೊಂಡು ಸತ್ತ.

ಅವನು ಸತ್ತ ಮೇಲೆ ನಾವು ಮೂವರೂ ಬೊಂಬಾಯಿಗೆ ಹೋದೆವು. ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಅಕ್ಕ ಬಟ್ಟೆ ಗಿರಣಿಗೆ ಸೇರಿದಳು. ಭಾವ ಬರ್ಫದ, ಅಂದರೆ ಮಂಜುಗಡ್ಡೆಯ, ಕಾರ್ಖಾನೆಗೆ ಸೇರಿದ. ನಾನು ಸಮುದ್ರದ ದಂಡೆಯ ಒಂದು ದೊಡ್ಡ ಹೋಟೆಲಿನ ಹಿತ್ತಲಲ್ಲಿ ಪಾತ್ರೆ ತೊಳೆಯಲು ನಿಂತೆ. ನೀನು ಯಾವ ಕೇರಿಯವಳು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಸಂಜೆ ನಾವಿದ್ದ ಚಾಳಿನ ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತೆ. ಈಗ ಇದನ್ನು ಬರೆಯುತ್ತಿರುವುದು ಆ ಅಕ್ಷರಗಳಲ್ಲೇ.

ಬೊಂಬಾಯಿಯ ಬೇಸಿಗೆಯನ್ನು ಏನು ಹೇಳಲಿ! ನಮ್ಮ ಕಡೆಯ ಬಿಸಿಲು ಸುಡುತ್ತದೆ ಅಷ್ಟೇ, ಅಲ್ಲಿಯದು ಬೇಯಿಸುತ್ತದೆ. ಬಿಳೀ ದೊರೆಗಳೆಲ್ಲ ಗುಡ್ಡಬೆಟ್ಟ ಸೇರಿಕೊಳ್ಳುತ್ತಿದ್ದರು. ಉಳಿದವರು ಹೋಟೆಲಿಗೆ ಬಂದು ಬರ್ಫ ಹಾಕಿದ್ದನ್ನು ಕುಡಿದು ಬದುಕುತ್ತಿದ್ದರು. ಆ ಬರ್ಫದ ಗಡ್ಡೆಗಳನ್ನು ಹೊಟ್ಟು ಮೆತ್ತಿ, ಗೋಣಿತಾಟು ಸುತ್ತಿ ಹೊತ್ತು ತರುತ್ತಿದ್ದವನು ಭಾವ. ಬೆನ್ನೆಲ್ಲ ತೊಯ್ದು ತೊಟ್ಟಿಕ್ಕುತ್ತಿತ್ತು. "ಇಡೀ ಬೊಂಬಾಯಾಗೆ ನನ್ನಷ್ಟು ತಂಪಾಗಿರೋ ಮನುಷ್ಯ ಇಲ್ಲ ದೊರೆಸಾನಿ" ಎಂದು ನಗುತ್ತಾ ಹಿತ್ತಲಿಗೆ ಬರುತ್ತಿದ್ದ.

ಅಂಥ ಒಂದು ಬೇಸಿಗೆಯಲ್ಲಿ ಅಮೆರಿಕದಿಂದ ವಾದ್ಯದವರು ಬಂದರು. ಕಪ್ಪು ಜನ. ನಮ್ಮ ಭಾವನ ಬಣ್ಣವೇ, ಒಬ್ಬಿಬ್ಬರು ಅವನಿಗಿಂತ ಒಂದು ಕೈ ಮಿಗಿಲು. ಬಿಳೀ ಕೋಟು, ಹೊಳೆಯುವ ಬೂಟು. ಅಡುಗೆಮನೆಯ ಬಾಗಿಲ ಸಂದಿಯಿಂದ ನಾನೇ ಮೊದಲು ನೋಡಿದ್ದು. ಎತ್ತರದ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಅವರು ಕೂತಿದ್ದರು. ಕೆಳಗೆ ಬಿಳಿಯರೂ ನಮ್ಮ ಸಾಹುಕಾರರೂ ಜೋಡಿ ಜೋಡಿಯಾಗಿ ಅವರು ಬಾರಿಸಿದ ಹಾಗೆ ಕುಣಿಯುತ್ತಿದ್ದರು. ಅಯ್ಯೋ ಶಿವನೇ, ಇದೇನು ಲೋಕ ತಲೆಕೆಳಗಾಗಿದೆಯಲ್ಲ ಎನ್ನಿಸಿತು. ಓಡಿಹೋಗಿ ಭಾವನನ್ನು ಎಳೆದು ತಂದೆ. ಅವನು ಬಹಳ ಹೊತ್ತು ನೋಡಿದ. ಹೆಗಲ ಮೇಲಿನ ಬರ್ಫ ಕರಗಿ ನೆಲವೆಲ್ಲ ನೀರಾಯಿತು. ಅಡುಗೆಯವನು ಬೈದ. ಭಾವನಿಗೆ ಕೇಳಿಸಲೇ ಇಲ್ಲ.

ಆ ತಂಡದಲ್ಲಿ ಹಾಡುವ ಹೆಂಗಸು ಒಬ್ಬಳಿದ್ದಳು. ಹಸಿರು ರೇಷ್ಮೆಯ ಉದ್ದ ಗೌನು, ತುಂಬಿದ ತೋಳು. ಸೆಕೆ ತಡೆಯಲಾರದೆ ಹಿತ್ತಲಿಗೆ ಬಂದು ಮೆಟ್ಟಿಲ ಮೇಲೆ ಕೂತು, ಬರ್ಫದ ಚೂರನ್ನು ಕುತ್ತಿಗೆಗೆ ಒತ್ತಿಕೊಳ್ಳುತ್ತಿದ್ದಳು. ಒಮ್ಮೆ ನನ್ನ ರೊಟ್ಟಿ ನೋಡಿ ಕೈಚಾಚಿದಳು. ಮೆಣಸಿನಕಾಯಿ ಚಟ್ನಿ ಹಚ್ಚಿ ಕೊಟ್ಟೆ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು, ಆದರೂ ಬಿಡದೆ ತಿಂದು ಇನ್ನೊಂದು ಕೇಳಿದಳು. ತಿಂದಾದ ಮೇಲೆ ಅಲ್ಲೇ ಕೂತು ಹಾಡಿದಳು. ಒಳಗೆ ಹಾಡುತ್ತಿದ್ದ ಹಾಡಲ್ಲ ಅದು. ಬೀಸುಕಲ್ಲಿನ ಮುಂದೆ ಕೂತ ಹೆಂಗಸು ತನ್ನಷ್ಟಕ್ಕೆ ಹಾಡಿಕೊಳ್ಳುವಂಥದ್ದು, ಹೊಟ್ಟೆಯಿಂದ ಬರುವಂಥದ್ದು. ಒಂದು ಮಾತೂ ಅರ್ಥವಾಗಲಿಲ್ಲ, ನನಗೆ ಅವ್ವನ ನೆನಪಾಗಿ ಅಳು ಬಂತು. ಹಾಡುತ್ತಾ ಚಪ್ಪಾಳೆ ತಟ್ಟುತ್ತಿದ್ದಳು. ಭಾವ ಹಾಡನ್ನು ಬಿಟ್ಟು ಆ ಚಪ್ಪಾಳೆಯನ್ನೇ ಕೇಳುತ್ತಿದ್ದ. "ನೋಡು, ಏಟು ಬೀಳಬೇಕಾದ ಕಡೆ ಬೀಳಲ್ಲ. ಒಂದು ಉಸಿರು ತಡದು ಆಮ್ಯಾಲೆ ಬೀಳ್ತೈತೆ. ಆ ತಡೀತಾಳಲ್ಲ, ಅಲ್ಲೇ ಐತೆ ಜೀವ" ಎಂದ. ಅವತ್ತಿನಿಂದ ಅವನ ಬೆರಳುಗಳೂ ಒಂದು ಉಸಿರು ತಡೆದೇ ಬೀಳತೊಡಗಿದವು. ತಟ್ಟೆಯ ಅಂಚಿನಲ್ಲಿ, ಚಾಳಿನ ಗೋಡೆಯ ಮೇಲೆ, ಎಲ್ಲೆಲ್ಲೂ.

ಅವರ ತಂಡದಲ್ಲಿ ಡೋಲು ಬಾರಿಸುವವನು ಒಬ್ಬ ದಪ್ಪನೆಯ ಆಳು. ಮಳೆ ಹತ್ತಿರ ಬಂದಂತೆ ಬೊಂಬಾಯಿಯ ಗಾಳಿ ಒದ್ದೆಯಾಯಿತು, ಅವನ ಡೋಲಿನ ಚರ್ಮ ಸಡಿಲಾಯಿತು. ಒಂದು ಮಧ್ಯಾಹ್ನ ಡೋಲು ತಂದು ಹಿತ್ತಲ ಬಿಸಿಲಿಗಿಟ್ಟ. ಬಿಸಿಲೇ ಇರಲಿಲ್ಲ, ಮೋಡ. ಬಡಿದು ನೋಡಿ ಏನೋ ಬೈದುಕೊಂಡ. ಭಾವ ಬರ್ಫದ ಗಡ್ಡೆ ಇಳಿಸಿದವನೇ, ಹೇಳದೆ ಕೇಳದೆ ಆ ಡೋಲನ್ನು ಎತ್ತಿಕೊಂಡು ಸೀದಾ ಅಡುಗೆಮನೆಯ ಒಲೆಯ ಕಡೆ ನಡೆದ. ಡೋಲಿನವನು ಕೂಗಿಕೊಂಡು ಹಿಂದೆಯೇ ಓಡಿಬಂದ. ಭಾವ ತಿರುಗಿಯೂ ನೋಡಲಿಲ್ಲ. ಕೆಂಡದ ಮೇಲೆ ಒಂದು ಮೊಳ ಎತ್ತರದಲ್ಲಿ ಹಿಡಿದು, ನಿಧಾನಕ್ಕೆ ತಿರುಗಿಸುತ್ತಾ, ನಡುನಡುವೆ ಬೆರಳಲ್ಲಿ ಮಿಡಿದು ಕೇಳುತ್ತಾ, ನಮ್ಮ ಕೇರಿಯಲ್ಲಿ ಹಲಗೆ ಕಾಯಿಸುವ ಹಾಗೆಯೇ ಕಾಯಿಸಿದ. ಆಮೇಲೆ ಅವನ ಕೈಗೆ ಕೊಟ್ಟ. ಆ ದಪ್ಪನೆಯವನು ಒಂದೇ ಒಂದು ಏಟು ಹಾಕಿದ. ಠಣ್ ಎಂದಿತು. ಭಾವನ ಮುಖ ನೋಡಿದ, ಡೋಲು ನೋಡಿದ, ಹೋ ಎಂದು ನಕ್ಕು ಭಾವನನ್ನು ತಬ್ಬಿಕೊಂಡುಬಿಟ್ಟ. ಬಿಳೀ ಕೋಟಿಗೆಲ್ಲ ಹೊಟ್ಟು ಮೆತ್ತಿತು.

ಮಾರನೆಯ ದಿನ ಭಾವ ತನ್ನ ಹಲಗೆಯನ್ನೇ ತಂದ. ಊರಿಂದ ಬರುವಾಗ ಹಾಸಿಗೆ ಬಿಟ್ಟಿದ್ದ, ಹಲಗೆ ಬಿಟ್ಟಿರಲಿಲ್ಲ. ಡೋಲಿನವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತನ್ನ ಸ್ಟೂಲನ್ನು ಎಳೆದು, ಕೂತುಕೋ ಎಂದು ಅದರ ಮೇಲೆ ತಟ್ಟಿದ. ಭಾವ ಹಿಂದಕ್ಕೆ ಸರಿದ. ಅಲ್ಲಿ ಗೋವೆಯ ಬಟ್ಲರ್ ಒಬ್ಬನಿದ್ದ, ಧಾರವಾಡದಲ್ಲಿ ಇದ್ದು ಬಂದವನು, ಅರೆಬರೆ ಕನ್ನಡ ಬರುತ್ತಿತ್ತು. ಇಬ್ಬರ ಮಾತನ್ನೂ ಅವನೇ ದಾಟಿಸಿದ.

"ಹಲಗೆಯೋರು ಕುಂತ್ಕಳಲ್ಲ ಅಂತ ಹೇಳ್ರಿ ಅವರಿಗೆ" ಎಂದ ಭಾವ.

"ಯಾಕೆ ಅಂತ ಕೇಳ್ತಾರೆ" ಎಂದ ಬಟ್ಲರ್.

ಅಷ್ಟು ವಯಸ್ಸಾದರೂ ಭಾವನನ್ನು ಯಾಕೆ ಎಂದು ಯಾರೂ ಕೇಳಿರಲಿಲ್ಲ. ಆಮೇಲೆ ಮೆಲ್ಲಗೆ, "ನಾವು ಊರ ಹೊರಗಿನೋರು, ಅದಕ್ಕೆ" ಎಂದ.

ಬಟ್ಲರ್ ಹೇಳಿದ್ದನ್ನು ಕೇಳಿ ಡೋಲಿನವನ ನಗು ಆರಿತು. ತನ್ನ ದೇಶದಲ್ಲೂ ಹೀಗೆಯೇ ಎಂದನಂತೆ. ತಾವು ಬಾರಿಸುವ ಮನೆಗೆ ಎಷ್ಟೋ ಕಡೆ ತಾವು ಹಿಂಬಾಗಿಲಿಂದಲೇ ಹೋಗಬೇಕು, ತಮ್ಮ ವಾದ್ಯಕ್ಕೆ ಕುಣಿದವರ ಪಕ್ಕ ಕೂತು ಉಣ್ಣುವಂತಿಲ್ಲ, ಅದಕ್ಕೇ ಸಮುದ್ರ ದಾಟಿ ಬಂದೆವು ಎಂದನಂತೆ. ಭಾವ ಬೆರಗಾಗಿ ನಿಂತ. ಅಷ್ಟು ದೊಡ್ಡ ಮನುಷ್ಯ, ಅಂಥ ಬೂಟು, ಅವನಿಗೂ ಹಿಂಬಾಗಿಲೇ! ಆಮೇಲೆ ಭಾವ ಹೋಗಿ ಆ ಸ್ಟೂಲಿನ ಮೇಲೆ ಕೂತ. ಹಲಗೆಯನ್ನು ತೊಡೆಗೆ ಆನಿಸಿಕೊಂಡ. ಅಭ್ಯಾಸವಿಲ್ಲದೆ ಮೊದಮೊದಲು ಏಟು ಎಲ್ಲೆಲ್ಲೋ ಬಿತ್ತು. ಹಾಡುವ ಹೆಂಗಸು ಚಪ್ಪಾಳೆ ತಟ್ಟಿ ದಾರಿ ತೋರಿಸಿದಳು. ಪಾತ್ರೆ ತೊಳೆಯುವವರೆಲ್ಲ ಕೈಯ ಬೂದಿಯನ್ನೂ ತೊಳೆಯದೆ ಸುತ್ತ ಬಂದು ನಿಂತೆವು. ನನ್ನ ಜೀವಮಾನದಲ್ಲಿ ಅಂಥ ಮಧ್ಯಾಹ್ನ ಇನ್ನೊಂದು ಬರಲಿಲ್ಲ.

ಅವರು ಹೊರಡುವ ಮುಂಚಿನ ಒಂದು ಭಾನುವಾರ ಹೋಟೆಲಿನ ಹುಲ್ಲುಹಾಸಿನ ಮೇಲೆ ಬಯಲಲ್ಲೇ ಬಾರಿಸಿದರು. ಸಮುದ್ರದ ಕಟ್ಟೆಯ ಮೇಲೆ ಕೂತರೆ ಯಾರು ಬೇಕಾದರೂ ಕೇಳಬಹುದಿತ್ತು. ನಾವು ಮೂವರೂ ಒಗೆದ ಬಟ್ಟೆ ಉಟ್ಟು, ಕಡಲೆಕಾಯಿ ಪೊಟ್ಟಣ ಹಿಡಿದು ಹೋದೆವು. ಅವತ್ತು ಇಬ್ಬರು ಕುಣಿದರು, ಎತ್ತಿಗೆ ಲಾಳ ಕಟ್ಟಿದ ಹಾಗೆ ಬೂಟಿಗೆ ಕಬ್ಬಿಣ ಬಡಿಸಿಕೊಂಡು. ಕಾಲಲ್ಲೇ ಹಲಗೆ ಬಾರಿಸಿಬಿಟ್ಟರು! ಗಿರಣಿಯ ಕೆಲಸದಲ್ಲಿ ನಗುವುದನ್ನೇ ಮರೆತಿದ್ದ ಅಕ್ಕ ಬಿದ್ದು ಬಿದ್ದು ನಕ್ಕಳು. ಆಮೇಲೆ ಕೂತು ಊದುತ್ತಿದ್ದವರಲ್ಲಿ ಒಬ್ಬ ಕುರ್ಚಿ ಬಿಟ್ಟು ಎದ್ದು ನಿಂತ. ಉಳಿದವರು ಸದ್ದು ತಗ್ಗಿಸಿದರು. ಅವನೊಬ್ಬನೇ ಊದಿದ. ಜನವೆಲ್ಲ ಚಪ್ಪಾಳೆ ತಟ್ಟಿದರು. ಅವನು ಕೂತ ಮೇಲೆ ಇನ್ನೊಬ್ಬ ಎದ್ದ.

"ಅವನ್ಯಾಕೆ ಎದ್ದ?" ಎಂದು ಅಕ್ಕ ಕೇಳಿದಳು.

"ಅವನ ಸರದಿ ಬಂತು, ಎದ್ದ" ಎಂದ ಭಾವ. ಅವನ ಕಣ್ಣು ಅಲ್ಲೇ ನೆಟ್ಟಿತ್ತು. "ನಾವೂ ನಿಂತ್ಕತೀವಿ, ಅವನೂ ನಿಂತ್ಕಂಡ. ಆದ್ರೆ ಅವನ ಹಿಂದೆ ಕುರ್ಚಿ ಐತೆ ನೋಡು. ಅದು ಬ್ಯಾರೆ ನಿಲ್ಲೋದು."

ಅವರ ಹಡಗು ಹೋದ ಮೇಲೆ ಭಾವನಿಗೆ ಊರಿನ ಹುಚ್ಚು ಹಿಡಿಯಿತು. ಅಕ್ಕ ಸುತರಾಂ ಒಪ್ಪಲಿಲ್ಲ. "ಇಲ್ಲಿ ನಲ್ಲಿ ನೀರು ಹಿಡಿಯಾಕೆ ಯಾರೂ ತಡೆಯಲ್ಲ. ಆ ಸುಡುಗಾಡಿಗೆ ಯಾಕೆ ಹೋಗೋದು?" ಎಂದಳು. ನಾನೂ ಅಕ್ಕನ ಕಡೆಯೇ. ಭಾವ ಹೇಳಿದ್ದು ಒಂದೇ ಮಾತು: "ಅವರು ಸಮುದ್ರ ದಾಟಿ ಬಂದು ಕುಂತ್ರು. ನಾನು ರೈಲು ಹತ್ತಿ ಬಂದು ಕುಂತೆ. ಪರಊರಾಗೆ ಕುಂತ್ರೆ ಏನು ಬಂತು? ನಮ್ಮಪ್ಪ ನಿಂತು ನಿಂತು ಸತ್ತನಲ್ಲ, ಅಲ್ಲಿ ಕುಂತು ಬಾರಿಸಬೇಕು ನಾನು."

ಬಂದೆವು. ಬಂದ ವಾರಕ್ಕೇ ಒಂದು ಮದುವೆಗೆ ಕರೆ ಬಂತು. ಕುಂತು ಬಾರಿಸೋದಾದರೆ ಬರ್ತೀನಿ ಎಂದ. ಕರೆಯಲು ಬಂದವನು ತಮಾಷೆ ಎಂದುಕೊಂಡು ನಕ್ಕ. ತಮಾಷೆಯಲ್ಲ ಎಂದು ತಿಳಿದ ಮೇಲೆ ಊರು ನಗಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಬರುತ್ತಿದ್ದ ಕಾಳು ನಿಂತಿತು. ಹೊಲದ ಕೆಲಸಕ್ಕೆ ಅಕ್ಕನನ್ನೂ ಕರೆಯಲಿಲ್ಲ. ಬೇರೆ ಊರಿನ ಹಲಗೆಯವರನ್ನು ತಂದು ಭಾವನ ಮನೆಯ ಮುಂದೆಯೇ ಬಾರಿಸಿಕೊಂಡು ಹೋದರು. ಭಾವ ನ್ಯಾಮತಿ ಪೇಟೆಗೆ ಹೋಗಿ ಮೂಟೆ ಹೊತ್ತ, ರಸ್ತೆಗೆ ಜಲ್ಲಿ ಒಡೆದ. ಹಲಗೆ ಗೋಡೆಯಲ್ಲೇ ತೂಗಿತು.

ಆದರೂ ಸೋಮವಾರಕ್ಕೊಮ್ಮೆ ಅದನ್ನು ಇಳಿಸುವುದು, ಒಲೆಯ ಮೇಲೆ ಹಿಡಿದು ಕಾಯಿಸುವುದು, ಬೆರಳಲ್ಲಿ ಒಮ್ಮೆ ಮಿಡಿದು ಕೇಳುವುದು, ಮತ್ತೆ ಗೂಟಕ್ಕೆ ಹಾಕುವುದು. ಬಾರಿಸುತ್ತಿರಲಿಲ್ಲ. "ರೊಟ್ಟಿ ಸುಡಾಕೆ ಸೌದೆ ಇಲ್ಲ, ನಿನ್ನ ಹಲಗೆ ಕಾಯಿಸಾಕೆ ಬೇರೆ ಬೇಕಾ?" ಎಂದು ಅಕ್ಕ ಕಣ್ಣೀರು ಹಾಕಿ ಜಗಳವಾಡುತ್ತಿದ್ದಳು. ಅಕ್ಕನದೇನು ತಪ್ಪು? ಮಕ್ಕಳು ಗಂಜಿ ಕುಡಿದು ಮಲಗುತ್ತಿದ್ದವು. ಬಾರಿಸು ಭಾವ, ನಿಂತೇ ಬಾರಿಸು ಎನ್ನಬೇಕೆಂದು ಎಷ್ಟೋ ಸಲ ನನ್ನ ನಾಲಿಗೆಯ ತುದಿಗೆ ಬಂತು. ಅವನು ಒಲೆಯ ಮುಂದೆ ಕೂತು ಹಲಗೆಗೆ ಕಿವಿಯಿಡುವುದನ್ನು ನೋಡಿದರೆ ಮಾತು ಒಳಗೇ ಉಳಿಯುತ್ತಿತ್ತು.

ಹೀಗೆ ವರ್ಷಗಳು ಕಳೆದವು. ಯುದ್ಧ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಗೌಡರ ಮಗಳ ಮದುವೆ ಬಂತು. ಗಂಡು ಜಗಳೂರು ಕಡೆಯವನು. ದಿಬ್ಬಣ ಗಾಡಿ ಕಟ್ಟಿಕೊಂಡು ಹಿಂದಿನ ದಿನವೇ ಬಂದಿಳಿದಿತ್ತು. ಓಲಗದವರು ಚನ್ನಗಿರಿಯಿಂದ ಬರಬೇಕಾಗಿತ್ತು. ಪೆಟ್ರೋಲಿಲ್ಲದೆ ಇದ್ದಲ ಹೊಗೆಯಲ್ಲಿ ಬಸ್ಸು ಓಡಿಸುತ್ತಿದ್ದ ದಿನಗಳು, ಆ ಬಸ್ಸು ದಾರಿಯ ಏರಿನಲ್ಲಿ ಕೆಟ್ಟು ನಿಂತಿತು. ಮುಹೂರ್ತ ಹತ್ತಿರ ಬಂತು, ಓಲಗ ಇಲ್ಲ, ಬೇರೆ ಊರಿಂದ ಕರೆಸಿದ್ದ ಹಲಗೆಯವರೂ ಅದೇ ಬಸ್ಸಿನಲ್ಲಿ. ಮೇಳವಿಲ್ಲದೆ ತಾಳಿ ಕಟ್ಟಿಸುವುದು ಹೇಗೆ? ಗೌಡರ ಆಳು ಓಡಿಬಂದ.

"ಗೌಡ್ರು ಕರೀತಾರೆ, ಹಲಗೆ ತಗಂಡು ಬಾ."

"ಬರ್ತೀನಿ. ಚಪ್ಪರದಾಗೆ ಕುಂತ್ಕಳಾಕೆ ಜಾಗ ಐತಾ ಕೇಳ್ಕಂಡು ಬಾ" ಎಂದ ಭಾವ.

ಆಳು ಹೋಗಿ ಬಂದ. "ಚಪ್ಪರದ ಹೊರಗೆ ಕುಂತ್ಕ, ಯಾರೂ ಏನೂ ಅನ್ನಲ್ಲ ಅಂದ್ರು."

"ಹೊರಗೆ ಕುಂತ್ಕಳಾಕೆ ಗೌಡ್ರ ಅಪ್ಪಣೆ ಯಾಕೆ? ಹೊರಗೆ ದಿನಾ ಕುಂತೇ ಇದೀನಿ."

ಕೊನೆಗೆ ಗೌಡರೇ ಬಂದರು, ನಮ್ಮ ಕೇರಿಯ ಹುಣಸೆಮರದವರೆಗೆ. ರುಮಾಲು ಜಾರಿತ್ತು, ಮುಖದಲ್ಲಿ ಬೆವರು. ಅಷ್ಟು ವರ್ಷ ಅವರ ಮೇಲೆ ಹಲ್ಲು ಕಡಿದವಳು ನಾನು, ಅವತ್ತು ಪಾಪ ಎನ್ನಿಸಿತು. "ನನ್ನ ಮಗಳ ಮದುವೆ ಕಣಪ್ಪಾ. ಬೀಗರ ಮುಂದೆ ಮಾನ ಹೋಗ್ತೈತೆ. ಹಠ ಮಾಡಬ್ಯಾಡ" ಎಂದರು.

"ಹಠ ಅಲ್ಲ ಗೌಡ್ರೆ. ಆ ಕೂಸಿನ ತೊಟ್ಲಿಗೂ ನಾನೇ ಬಾರಿಸಿದ್ದು, ಮದುವಿಗೂ ಬಾರಿಸಾಕೆ ನನಗೆ ಆಸೆ ಐತೆ. ಕುಂತು ಬಾರಿಸ್ತೀನಿ, ಅಷ್ಟೇ."

ಗೌಡರು ರುಮಾಲು ಸರಿಮಾಡಿಕೊಂಡು ತಿರುಗಿ ಹೋದರು. ಸ್ವಲ್ಪ ಹೊತ್ತಿಗೆ ಕಂಬ ನೆಡುವ ಸದ್ದು ಕೇಳಿತು. ಚಪ್ಪರದ ಅಂಚಿಗೆ ಇನ್ನೆರಡು ಗಳ ನೆಟ್ಟು, ಮೇಲೆ ತೆಂಗಿನ ಗರಿ ಹೊದಿಸಿ ಕಟ್ಟುತ್ತಿದ್ದರು. ಊರಿನ ಯಜಮಾನರೆಲ್ಲ ಸೇರಿ ಹುಡುಕಿದ ದಾರಿ ಅದು. ಹಲಗೆಯವನು ಚಪ್ಪರದೊಳಗೆ ಬಂದ ಹಾಗೂ ಆಗಬೇಕು, ಬಾರದ ಹಾಗೂ ಆಗಬೇಕು. ಬೀಗರಿಗೆ ಹಾಸಲೆಂದು ತಂದಿದ್ದ ಕರಿಕಂಬಳಿಗಳಲ್ಲಿ ಒಂದನ್ನು ಅಲ್ಲಿ ಹಾಸಿದರು.

ಮನೆಯಲ್ಲಿ ಅಕ್ಕ ಯಾರೂ ಹೇಳದೆಯೇ ಒಲೆಗೆ ಸೌದೆ ತುಂಬಿ ಊದುತ್ತಿದ್ದಳು. ಭಾವ ಹಲಗೆ ಕಾಯಿಸಿಕೊಂಡು ಹೊರಟ. ನಾನೂ ಹಿಂದೆ ಹೋದೆ. ಗರಿ ಕಟ್ಟಿದ್ದನ್ನು ಕಂಡು ನನಗೆ ರೇಗಿತು. "ಭಾವ, ಇದು ಮೋಸ. ನಿನಗೆ ಬ್ಯಾರೇನೇ ಚಪ್ಪರ ಹಾಕವ್ರೆ" ಎಂದೆ.

ಅವನು ತಲೆಯೆತ್ತಿ ಹಳೇ ಗರಿ ಹೊಸ ಗರಿ ಸೇರುವ ಜಾಗವನ್ನೇ ನೋಡಿದ. ಆಮೇಲೆ ನೆಲ ನೋಡಿದ. "ನಡುವೆ ಬಿಸಿಲು ಬೀಳ್ತೈತಾ ನೋಡು ದೊರೆಸಾನಿ. ಬೀಳಲ್ಲ. ಬಿಸಿಲು ಬೀಳಲಿಲ್ಲ ಅಂದ್ರೆ ಒಂದೇ ಚಪ್ಪರ." ಹೋಗಿ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಬೊಂಬಾಯಿಯಲ್ಲಿ ಕಲಿತ ಹಾಗೆ ಹಲಗೆಯನ್ನು ತೊಡೆಗೆ ಆನಿಸಿಕೊಂಡ.

ಯಜಮಾನರೆಲ್ಲ ಬೇರೆ ಕಡೆ ಮುಖ ತಿರುಗಿಸಿ ಕೂತಿದ್ದರು. ಭಾವ ಬಾರಿಸಿದ. ಮುಹೂರ್ತದ ಏಟು ಬಿದ್ದಿತು, ತಾಳಿ ಕಟ್ಟಿದರು, ಅಕ್ಷತೆ ಬಿತ್ತು. ಏನೂ ಆಗಲಿಲ್ಲ. ಚಪ್ಪರ ಬೀಳಲಿಲ್ಲ, ಭೂಮಿ ಬಾಯಿ ಬಿಡಲಿಲ್ಲ. ಅಷ್ಟು ವರ್ಷ ಗಂಜಿ ಕುಡಿಸಿದ್ದು ಇದಕ್ಕಾ ಎಂದು ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಶಾಸ್ತ್ರವೆಲ್ಲ ಮುಗಿದು ಜನ ಎದ್ದು ಉಸಿರು ಬಿಡುತ್ತಿದ್ದಾಗ ಭಾವ ಏಟು ಬದಲಿಸಿದ. ಒಂದು ಉಸಿರು ತಡೆದು ಬೀಳುವ ಏಟು, ಹೋಟೆಲಿನ ಹಿತ್ತಲಲ್ಲಿ ಆ ಹೆಂಗಸು ತಟ್ಟಿದ್ದು. ಜಗಳೂರಿನ ಬೀಗರು ತಿರುಗಿ ನೋಡಿದರು. ಎಲೆ ಹಾಕುತ್ತಿದ್ದವರು ಕೈ ನಿಲ್ಲಿಸಿದರು. ಹುಡುಗರು ಓಡಿಬಂದು ಸುತ್ತ ಸೇರಿದರು. ಆಗ ಭಾವ ಬಾರಿಸುತ್ತಲೇ ಮೊಣಕಾಲೂರಿದ, ಮೆಲ್ಲಗೆ ಎದ್ದು ನಿಂತ.

ಸಂತೆಯವರು ಹೇಳುವುದು ಇಷ್ಟನ್ನೇ.

ಗೌಡರು ಗಾಬರಿಯಾಗಿ ಓಡಿಬಂದರು. ಏನೋ ತಪ್ಪಾಯಿತು, ಇವನು ಮುನಿಸಿಕೊಂಡ ಎಂದುಕೊಂಡರು. "ಯಾಕಪ್ಪಾ ಎದ್ದೆ? ಕುಂತ್ಕ, ಕುಂತ್ಕಳಪ್ಪಾ!" ಎಂದರು. ಊರೆಲ್ಲ ಕೇಳುವ ಹಾಗೆ ಎಂದರು.

"ಕುಂತಿದ್ದೆ ಗೌಡ್ರೆ" ಎಂದ ಭಾವ, ಕೈ ನಿಲ್ಲಿಸದೆ, ನಗುತ್ತಾ. "ಈಗ ನನ್ನ ಸರದಿ."

ಹಾಗೆ ನಿಂತು, ಬಾಗಿ, ತಿರುಗಿ, ಎಷ್ಟೋ ವರ್ಷದ್ದೆಲ್ಲ ಒಂದೇ ಸಲ ಬಾರಿಸಿದ. ಅವನ ಹಿಂದೆ ಕಂಬಳಿ ಬರಿದಾಗಿತ್ತು. ಎದ್ದನಲ್ಲ, ಇನ್ನು ಬೇಡವೇನೋ ಎಂದುಕೊಂಡು ಆಳು ಬಂದು ಅದನ್ನು ಮಡಿಸಲು ಹೋದ. ಗೌಡರು ಅವನ ಕೈ ಹಿಡಿದರು.

"ಇರಲಿ ಬಿಡೋ. ಮತ್ತೆ ಕುಂತ್ಕತಾನೆ."